ಅಂತಿಮ ನಕ್ಷೆ ಯಾವುದು?

ಪುತ್ತೂರಿನಿಂದ ಸುಬ್ರಹ್ಮಣ್ಯದ ಕಡೆಗೆ ರೈಲಿನಲ್ಲಿ ಹೋಗುವವರಿಗೆ ಕಾಣಿಯೂರು ಒಂದು ಸಣ್ಣ ನಿಲ್ದಾಣ. ಸುತ್ತಲೂ ಅಡಿಕೆಯ ತೋಟ, ರಬ್ಬರಿನ ತೋಪು. ಅವುಗಳ ನಡುವೆ ಉಕ್ಕಿನ ಹಳಿಗಳು. ಎರಡು ಹಳಿಗಳ ನಡುವೆ ಇಲ್ಲಿ ನಿಗದಿಯಾಗಿರುವ ಅಂತರ 1676 ಮಿಲಿಮೀಟರು. 1970ರ ದಶಕದ ಕೊನೆಯಲ್ಲಿ ಮಂಗಳೂರು–ಹಾಸನ ಮಾರ್ಗವು ಮೊದಲು ತೆರೆದಾಗ ಈ ಅಂತರ 1000 ಮಿಲಿಮೀಟರು ಮಾತ್ರವಿದ್ದಿತು. ಮೀಟರ್‌ಗೇಜು ಹೋಗಿ ಬ್ರಾಡ್‌ಗೇಜು ಬಂದುದರ ಅರ್ಥ ಇಷ್ಟೇ ಎಂದು ನೋಡುವವರಿಗೆ ತೋರಬಹುದು.

ಆದರೆ ಒಂದು ಸಂಖ್ಯೆ ಬದಲಾದಾಗ ಅದರೊಡನೆ ಎಷ್ಟು ಸಂಖ್ಯೆಗಳು ಬದಲಾಗಬೇಕೆಂಬುದನ್ನು ಸ್ವಲ್ಪ ಯೋಚಿಸೋಣ. ಹಳಿಗಳು ಅಗಲವಾದರೆ ಅವುಗಳ ಕೆಳಗಿನ ಸ್ಲೀಪರುಗಳು ಉದ್ದವಾಗಬೇಕು. ಹಳಿಯಿಂದ ಹಳಿಗೆ ಗಾಡಿಯನ್ನು ತಿರುಗಿಸುವ ಕವಲುಗಳು ಹೊಸದಾಗಬೇಕು. ಗಾಡಿಯ ಮೈ ದೊಡ್ಡದಾದುದರಿಂದ ಪ್ಲಾಟ್‌ಫಾರಂ ಹಳಿಯಿಂದ ಎಷ್ಟು ದೂರವಿರಬೇಕು, ಸೇತುವೆ ಎಷ್ಟು ಭಾರ ತಾಳಬೇಕು, ಸುರಂಗದ ಗೋಡೆ ಎಲ್ಲಿರಬೇಕು ಎಂಬುದನ್ನೆಲ್ಲ ಮತ್ತೆ ಲೆಕ್ಕ ಹಾಕಬೇಕು. ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರಕ್ಕೆ ಘಟ್ಟವನ್ನೇರುವ ಸುಮಾರು 55 ಕಿಲೋಮೀಟರಿನ ಹಾದಿಯೊಂದರಲ್ಲಿಯೇ 57 ಸುರಂಗಗಳಿವೆ. ಇವೆಲ್ಲಕ್ಕೂ ನಕ್ಷೆಗಳು ಬೇಕು. ಹಳೆಯ ನಕ್ಷೆಗೂ ಹೊಸ ನಕ್ಷೆಗೂ ರೂಪದಲ್ಲಿ ಹೆಚ್ಚಿನ ಭೇದವಿರದು. ಭೇದವಿರುವುದು ಕೆಲವೇ ಅಂಕೆಗಳಲ್ಲಿ. ಒಬ್ಬನ ಕೈಯಲ್ಲಿ ಹಳೆಯ ಹಾಳೆ, ಮತ್ತೊಬ್ಬನ ಕೈಯಲ್ಲಿ ಹೊಸ ಹಾಳೆ ಇದ್ದರೆ ಇಬ್ಬರೂ ಮನಸ್ಸಿಟ್ಟು ದುಡಿದರೂ ಕೆಲಸ ಕೆಡುವುದು.

ಆದುದರಿಂದ ಯಂತ್ರಶಿಲ್ಪಿಗೆ ಲೆಕ್ಕ ಹಾಕುವ ವಿದ್ಯೆ ಎಷ್ಟು ಮುಖ್ಯವೋ, ತಂಡದ ಎಲ್ಲರ ಕೈಯಲ್ಲಿಯೂ ಒಂದೇ ನಕ್ಷೆಯಿರುವಂತೆ ನೋಡಿಕೊಳ್ಳುವ ವಿದ್ಯೆಯೂ ಅಷ್ಟೇ ಮುಖ್ಯ. ಇದಕ್ಕೆ ಇಂದು ನಿಯಂತ್ರಿತ ದತ್ತಾಂಶ ನಿರ್ವಹಣೆ ಎಂದು ಹೆಸರು. ಅದೇನು, ಅದನ್ನು ತಂಡವೊಂದು ಹೇಗೆ ಅಳವಡಿಸಿಕೊಳ್ಳಬೇಕು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸುವೆವು.

ಹಳೆಯ ನಕ್ಷೆಯ ಕಚೇರಿ

ಕಂಪ್ಯೂಟರು ಬರುವುದಕ್ಕೆ ಮುಂಚೆ ನಕ್ಷೆಗಾರರು ಪಾರದರ್ಶಕವಾದ ಮೇಣಬಟ್ಟೆಯ ಮೇಲೆ ಮಸಿಯಿಂದ ನಕ್ಷೆಯನ್ನು ಬರೆಯುತ್ತಿದ್ದರು. ಅದರಿಂದ ಪ್ರತಿ ತೆಗೆಯುವ ವಿಧಾನವೊಂದನ್ನು 1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಕಂಡುಹಿಡಿದಿದ್ದನು. ಕಬ್ಬಿಣದ ಲವಣಗಳನ್ನು ಲೇಪಿಸಿದ ಕಾಗದದ ಮೇಲೆ ನಕ್ಷೆಯ ಬಟ್ಟೆಯನ್ನು ಹರಡಿ ಬಿಸಿಲಿಗೆ ಹಿಡಿದರೆ, ಬೆಳಕು ಬಿದ್ದ ಕಡೆಯೆಲ್ಲ ಕಾಗದ ನೀಲಿಯಾಗುವುದು. ಮಸಿಯ ಗೆರೆಗಳ ನೆರಳಿನಲ್ಲಿದ್ದ ಲೇಪವು ನೀರಿನಲ್ಲಿ ತೊಳೆದುಹೋಗಿ ಬಿಳಿಯ ಗೆರೆಗಳು ಉಳಿಯುವುವು. ಇದೇ ನೀಲಿನಕ್ಷೆ. ನೀಲಿನಕ್ಷೆಯ ಪ್ರತಿಗಳನ್ನು ಎಷ್ಟು ಬೇಕಾದರೂ ತೆಗೆಯಬಹುದಾಗಿತ್ತು. ಆದರೆ ಮೂಲವು ಮಾತ್ರ ಒಂದೇ. ಮತ್ತೊಂದು ಮೂಲವನ್ನು ಬರೆಯಬೇಕಾದರೆ ದಿನಗಟ್ಟಲೆ ದುಡಿಯಬೇಕಾಗಿತ್ತು.

ಆ ಒಂದು ಮೂಲವು ಬೀಗ ಹಾಕಿದ ಕಪಾಟಿನಲ್ಲಿ ಒಬ್ಬ ಪಾಲಕನ ವಶದಲ್ಲಿರುತ್ತಿತ್ತು. ತಿದ್ದುಪಡಿ ಮಾಡಬೇಕಾದವನು ಪುಸ್ತಕದಲ್ಲಿ ರುಜು ಹಾಕಿ ಅದನ್ನು ಪಡೆಯಬೇಕು. ಅದು ಅವನ ಮೇಜಿನ ಮೇಲಿರುವಷ್ಟು ಹೊತ್ತು ಬೇರೊಬ್ಬನು ಅದನ್ನು ಮುಟ್ಟಲಾರನು. ತಿದ್ದಿದ ಮೇಲೆ ಹಾಳೆಯ ಮೂಲೆಯ ಕೋಷ್ಟಕದಲ್ಲಿ ತಿದ್ದುಪಡಿಯ ಸಂಖ್ಯೆ, ದಿನಾಂಕ, ಏನು ಬದಲಾಯಿತೆಂಬ ವಿವರ, ತಿದ್ದಿದವನ ಮತ್ತು ಪರೀಕ್ಷಿಸಿದವನ ರುಜು, ಇಷ್ಟನ್ನೂ ಬರೆಯಬೇಕು. ಬಳಿಕ ಹಳೆಯ ಪ್ರತಿಗಳನ್ನು ಕಾರ್ಖಾನೆಯಿಂದ ಹಿಂದಕ್ಕೆ ತರಿಸಿ ನಾಶಮಾಡಿ, ಹೊಸ ಪ್ರತಿಗಳನ್ನು ಕೊಡುವರು. 1957ರಲ್ಲಿ ಸ್ಥಾಪಿತವಾದ, ಲಖನೌ ನಗರದಲ್ಲಿರುವ ರೈಲ್ವೆಯ ವಿನ್ಯಾಸ ಮತ್ತು ಪ್ರಮಾಣ ಸಂಸ್ಥೆಯು ಹೊರಡಿಸುವ ನಕ್ಷೆಗಳಲ್ಲಿ ಇಂದಿಗೂ ಇಂಥ ತಿದ್ದುಪಡಿಯ ಸಂಖ್ಯೆಯಿರುವುದನ್ನು ನೋಡಬಹುದು.

ಇಲ್ಲಿ ನಾವು ಗಮನಿಸತಕ್ಕ ಸಂಗತಿಯೊಂದಿದೆ. ಈ ಕಚೇರಿಯ ಶಿಸ್ತಿಗೆ ಅರ್ಧ ಕಾರಣ ಮನುಷ್ಯರ ನಿಯಮಗಳು. ಉಳಿದರ್ಧ ಕಾರಣ ಆ ಬಟ್ಟೆಯೇ. ಒಂದು ವಸ್ತುವು ಏಕಕಾಲಕ್ಕೆ ಎರಡು ಮೇಜುಗಳ ಮೇಲಿರಲಾರದು.

ನಕಲು ಸುಲಭವಾದಾಗ

1963ರಲ್ಲಿ ಅಮೆರಿಕದ ಐವಾನ್ ಸದರ್‌ಲ್ಯಾಂಡ್ ಎಂಬವರು ಕಂಪ್ಯೂಟರಿನ ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ನಕ್ಷೆ ಬರೆಯಬಹುದೆಂದು ತೋರಿಸಿದರು. 1980ರ ದಶಕದಲ್ಲಿ ಸಣ್ಣ ಕಂಪ್ಯೂಟರುಗಳಿಗೂ ಈ ಸೌಕರ್ಯ ಬಂದಿತು. ನಕ್ಷೆಯು ಬಟ್ಟೆಯನ್ನು ಬಿಟ್ಟು ಕಡತವಾಯಿತು. ಕಡತದ ನಕಲನ್ನು ತೆಗೆಯಲು ಕ್ಷಣಮಾತ್ರ ಸಾಕು. ನಕಲಿಗೂ ಮೂಲಕ್ಕೂ ಕೂದಲೆಳೆಯ ಭೇದವೂ ಇರದು. ಕಪಾಟಿನ ಪಾಲಕನು ಅನಗತ್ಯವೆನಿಸಿದನು. ಕಡತಗಳೆಲ್ಲವೂ ತಂಡದ ಎಲ್ಲರೂ ತೆರೆಯಬಹುದಾದ ಒಂದು ಹಂಚಿಕೆಯ ಫೋಲ್ಡರಿಗೆ ಬಂದವು.

ಇದರಿಂದಾಗುವ ತೊಂದರೆಯನ್ನು ತಿಳಿಯಲು ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಕಾಣಿಯೂರಿನ ಆಸುಪಾಸಿನ ಐವರು ಇಂಜಿನಿಯರಿಂಗ್ ವಿದ್ಯಾರ್ಥಿಗಳು ಅಡಿಕೆ ಸುಲಿಯುವ ಯಂತ್ರವೊಂದನ್ನು ರಚಿಸಲು ಹೊರಟಿದ್ದಾರೆ. ಒಬ್ಬಳು ತಿರುಗುವ ಶಾಫ್ಟನ್ನು ವಿನ್ಯಾಸ ಮಾಡುವಳು. ಇನ್ನೊಬ್ಬನು ಬೇರಿಂಗು ಕುಳಿತುಕೊಳ್ಳುವ ಗೂಡನ್ನು. ಮಿಕ್ಕವರು ಚೌಕಟ್ಟು, ರಾಟೆ ಮತ್ತು ಮೋಟಾರುಗಳನ್ನು. ಮೊದಲ ಲೆಕ್ಕದಲ್ಲಿ ಶಾಫ್ಟಿನ ವ್ಯಾಸ 25 ಮಿಲಿಮೀಟರು. ಅದಕ್ಕೆ ಹೊಂದುವ ಬೇರಿಂಗು 6205. ಅದರ ಹೊರವ್ಯಾಸ 52 ಮಿಲಿಮೀಟರು. ಪ್ರಯೋಗದಲ್ಲಿ ಶಾಫ್ಟು ಬಾಗುತ್ತದೆಂದು ಕಂಡು ಅದನ್ನು 30 ಮಿಲಿಮೀಟರಿಗೆ ಏರಿಸುವರು. ತಿರುಚುವಿಕೆಯನ್ನು ತಾಳುವ ಬಲವು ವ್ಯಾಸದ ಘನಕ್ಕೆ ಅನುಗುಣವಾಗಿರುವುದರಿಂದ, 5 ಮಿಲಿಮೀಟರು ಹೆಚ್ಚಿದುದಕ್ಕೆ ಬಲವು ಸುಮಾರು 1.73 ಪಟ್ಟಾಗುವುದು. ನಿರ್ಧಾರವು ಸರಿಯಾದುದೇ. ಆದರೆ ಈಗ ಬೇಕಾಗುವ ಬೇರಿಂಗು 6206. ಅದರ ಹೊರವ್ಯಾಸ 62.

ಶಾಫ್ಟಿನ ಹೊಸ ಕಡತವು ಫೋಲ್ಡರಿಗೆ ಬಂದಿತು. ಅದರ ಹೆಸರು ‘ಶಾಫ್ಟು ಅಂತಿಮ’. ಅದರ ಪಕ್ಕದಲ್ಲಿ ‘ಶಾಫ್ಟು ಅಂತಿಮ 2’, ‘ಶಾಫ್ಟು ನಿಜವಾದ ಅಂತಿಮ’ ಎಂಬ ಹಳೆಯ ಕಡತಗಳೂ ಇದ್ದವು. ಗೂಡಿನ ನಕ್ಷೆಯು ಎರಡು ವಾರಗಳ ಹಿಂದೆಯೇ ಫೋನಿನ ಮೂಲಕ ಲೇತಿನ ಕಾರ್ಖಾನೆಗೆ ಹೋಗಿತ್ತು. ಗೂಡು ಹಳೆಯ ಅಳತೆಗೆ ತಯಾರಾಗಿ ಬಂದಿತು. 62ರ ಬೇರಿಂಗು 52ರ ರಂಧ್ರದಲ್ಲಿ ಹೇಗೆ ಕುಳಿತೀತು? ರಂಧ್ರವನ್ನು ಕೊರೆದು ಹಿಗ್ಗಿಸೋಣವೆಂದು ಯಾರೋ ಸೂಚಿಸುವರು. ಗೂಡಿನ ಹೊರವ್ಯಾಸ 72 ಎಂದಿಟ್ಟುಕೊಂಡರೆ, 10 ಮಿಲಿಮೀಟರು ದಪ್ಪವಿದ್ದ ಗೋಡೆಯು ಹಾಗೆ ಕೊರೆದ ಮೇಲೆ 5 ಮಿಲಿಮೀಟರಾಗುವುದು. ಯಂತ್ರವು ತಿರುಗಬಹುದು, ಎಷ್ಟು ದಿನವೆಂದು ಯಾರೂ ಹೇಳಲಾರರು.

ಇಲ್ಲಿ ಯಾರೊಬ್ಬರೂ ಸೋಮಾರಿಗಳಲ್ಲ, ಅಜ್ಞಾನಿಗಳೂ ಅಲ್ಲ. ತಪ್ಪು ಹುಟ್ಟಿದುದು ವ್ಯವಸ್ಥೆಯಲ್ಲಿ. ಹಂಚಿಕೆಯ ಫೋಲ್ಡರು ಕಡತಗಳನ್ನು ಇಟ್ಟುಕೊಳ್ಳುವುದೇ ಹೊರತು ಅವುಗಳ ಸಂಬಂಧವನ್ನು ಅರಿಯದು. ಶಾಫ್ಟು ಬದಲಾದರೆ ಗೂಡೂ ರಾಟೆಯ ರಂಧ್ರವೂ ಬದಲಾಗಬೇಕೆಂಬುದು ಅದಕ್ಕೆ ತಿಳಿಯದು. ಒಂದೇ ಕಡತವನ್ನು ಇಬ್ಬರು ಏಕಕಾಲಕ್ಕೆ ತೆರೆದರೆ, ಕೊನೆಗೆ ಉಳಿಸಿದವನ ಕೆಲಸವು ಮೊದಲು ಉಳಿಸಿದವನ ಕೆಲಸವನ್ನು ಸದ್ದಿಲ್ಲದೆ ಅಳಿಸಬಹುದು. ಹೆಸರನ್ನು ಯಾರು ಬೇಕಾದರೂ ಬದಲಿಸಬಹುದು. ಬದಲಿಸಿದರೆ ಆ ಭಾಗವನ್ನು ಅವಲಂಬಿಸಿದ ಜೋಡಣೆಯ ನಕ್ಷೆಯು ತನ್ನ ಭಾಗವನ್ನು ಕಾಣದೆ ಮುರಿದುಬೀಳುವುದು. ಯಾವ ನಕ್ಷೆ ಇನ್ನೂ ಕರಡು, ಯಾವುದು ಪರೀಕ್ಷೆಯಾಗಿ ಕಾರ್ಖಾನೆಗೆ ಯೋಗ್ಯವಾದುದು ಎಂಬ ಭೇದವೂ ಅಲ್ಲಿಲ್ಲ.

ಹೊಂದದ ಭಾಗದಿಂದ ಉಂಟಾಗುವ ನಷ್ಟವು ಕಣ್ಣಿಗೆ ಕಾಣುವಂಥದು. ಅದಕ್ಕಿಂತ ಭಯಂಕರವಾದುದು ಹೊಂದುವ ತಪ್ಪು. ಶಾಫ್ಟನ್ನು ಮೆದು ಉಕ್ಕಿನ ಬದಲು ಸುಮಾರು ಶೇಕಡಾ 0.4ರಷ್ಟು ಇಂಗಾಲವಿರುವ ಇಎನ್ 8 ಎಂಬ ಉಕ್ಕಿನಿಂದ ಮಾಡಬೇಕೆಂದು ತಂಡವು ನಿರ್ಧರಿಸಿತೆನ್ನಿ. ಅಳತೆಗಳಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಹಳೆಯ ನಕ್ಷೆಯಂತೆ ಮಾಡಿದ ಶಾಫ್ಟು ಯಂತ್ರದಲ್ಲಿ ಚೆನ್ನಾಗಿ ಕುಳಿತುಕೊಳ್ಳುವುದು, ಬಣ್ಣ ಹೊಡೆದ ಮೇಲೆ ಗುರುತೂ ಸಿಕ್ಕದು. ಒಂದು ದಿನ ತೋಟದ ಮನೆಯ ಅಂಗಳದಲ್ಲಿ, ಅಡಿಕೆ ಸುಲಿಯುವವರು ಹತ್ತಿರ ಕುಳಿತಿರುವಾಗ, ಅದು ಮುರಿಯುವುದು. ಹೊಂದದ ತಪ್ಪು ಮಿತ್ರನಂತೆ ಎಚ್ಚರಿಸುವುದು. ಹೊಂದುವ ತಪ್ಪು ಶತ್ರುವಿನಂತೆ ಕಾದಿರುವುದು. ಆದುದರಿಂದ ನಕ್ಷೆಗಳ ಶಿಸ್ತು ಕಚೇರಿಯ ಅಚ್ಚುಕಟ್ಟಿನ ಮಾತಷ್ಟೇ ಅಲ್ಲ. ಯಂತ್ರವನ್ನು ಬಳಸುವವರ ಕೈಕಾಲುಗಳ ಮಾತೂ ಹೌದು.

ಪಾಲಕನು ಮರಳಿ ಬಂದುದು

ಈ ಸಂಕಟವನ್ನು ಮೊದಲು ಅನುಭವಿಸಿ ಉಪಾಯವನ್ನು ಹುಡುಕಿದವರಲ್ಲಿ ಕಂಪ್ಯೂಟರಿನ ಕ್ರಮವಿಧಿಗಳನ್ನು ಬರೆಯುವವರೂ ಸೇರಿದ್ದಾರೆ. 1972ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಮಾರ್ಕ್ ರಾಕ್‌ಕೈಂಡ್ ಎಂಬವರು, ಬರೆಹದ ಪ್ರತಿಯೊಂದು ಬದಲಾವಣೆಯನ್ನೂ ನೆನಪಿನಲ್ಲಿಟ್ಟು, ಬೇಕಾದಾಗ ಹಿಂದಿನ ಯಾವ ರೂಪವನ್ನಾದರೂ ಮರಳಿ ಕೊಡುವ ಏರ್ಪಾಡೊಂದನ್ನು ರಚಿಸಿದರು. ಯಂತ್ರಗಳ ನಕ್ಷೆಗಳಿಗೂ ಬಳಿಕ ಇಂಥ ಏರ್ಪಾಡುಗಳು ಬಂದವು. ಹಳೆಯ ಕಚೇರಿಯ ಪಾಲಕನನ್ನು ಕಂಪ್ಯೂಟರಿನಲ್ಲಿ ಮತ್ತೆ ಕುಳ್ಳಿರಿಸಿದಂತೆ ಇವು ಕೆಲಸ ಮಾಡುವುವು.

ಕಡತಗಳೆಲ್ಲವೂ ಒಂದು ಕಾಪಿನ ಕೋಶದಲ್ಲಿರುತ್ತವೆ. ಎಲ್ಲರೂ ನೋಡಬಹುದು, ತಿದ್ದಬೇಕಾದವನು ಕಡತವನ್ನು ತನ್ನ ಹೆಸರಿಗೆ ಪಡೆದುಕೊಳ್ಳಬೇಕು. ಅವನು ಹಿಂತಿರುಗಿಸುವ ವರೆಗೆ ಬೇರೊಬ್ಬರು ಅದನ್ನು ತಿದ್ದಲಾರರು. ಹಿಂತಿರುಗಿಸಿದಾಗ ಹಳೆಯ ರೂಪವು ಅಳಿಯದೆ ಒಂದು ಮೆಟ್ಟಿಲು ಕೆಳಗೆ ಉಳಿಯುವುದು; ಯಾರು, ಯಾವಾಗ, ಏಕೆ ತಿದ್ದಿದರೆಂಬ ಟಿಪ್ಪಣಿ ಅದರೊಡನೆ ಸೇರುವುದು.

ಎರಡನೆಯದಾಗಿ, ಪ್ರತಿ ನಕ್ಷೆಗೂ ಒಂದು ಸ್ಥಿತಿಯಿರುವುದು: ಕರಡು, ಪರಿಶೀಲನೆಯಲ್ಲಿರುವುದು, ಬಿಡುಗಡೆಯಾದುದು, ರದ್ದಾದುದು. ಬಿಡುಗಡೆಯಾದ ನಕ್ಷೆಯನ್ನು ಅದನ್ನು ಬರೆದವನೂ ನೇರವಾಗಿ ತಿದ್ದುವಂತಿಲ್ಲ. ತಿದ್ದಬೇಕಾದರೆ ಕಾರಣವನ್ನು ಹೇಳಿ, ಅಧಿಕಾರವುಳ್ಳವರ ಒಪ್ಪಿಗೆ ಪಡೆದು, ಹೊಸ ಪರಿಷ್ಕರಣವನ್ನು ತೆರೆಯಬೇಕು. ಕಾರ್ಖಾನೆಗೆ ಹೋಗತಕ್ಕದ್ದು ಬಿಡುಗಡೆಯಾದ ನಕ್ಷೆ ಮಾತ್ರ.

ಮೂರನೆಯದಾಗಿ, ಈ ಏರ್ಪಾಡು ಸಂಬಂಧಗಳನ್ನು ಅರಿಯುವುದು. ಶಾಫ್ಟಿನ ಮೇಲೆ ಬೆರಳಿಟ್ಟು ‘ಇದು ಎಲ್ಲೆಲ್ಲಿ ಬಳಕೆಯಾಗಿದೆ?’ ಎಂದು ಕೇಳಿದರೆ ಅದು ಸೇರಿರುವ ಎಲ್ಲ ಜೋಡಣೆಗಳ ಪಟ್ಟಿಯನ್ನು ಕೊಡುವುದು. ಆ ಜೋಡಣೆಯನ್ನು ತೆರೆದರೆ ಗೂಡು, ಬೇರಿಂಗು, ರಾಟೆಗಳು ಒಟ್ಟಿಗೆ ಕಣ್ಣೆದುರಿಗೆ ಬರುವುವು. ನಮ್ಮ ಐವರಿಗೆ ಈ ಒಂದು ಪ್ರಶ್ನೆಯನ್ನು ಕೇಳುವ ಸೌಕರ್ಯವಿದ್ದಿದ್ದರೆ ಗೂಡು ಕೆಡುತ್ತಿರಲಿಲ್ಲ.

ಇಲ್ಲಿ ಯಂತ್ರಶಿಲ್ಪಿಗಳು ಪಾಲಿಸುವ ನಿಯಮವೊಂದನ್ನು ತಿಳಿದಿರುವುದು ಒಳ್ಳೆಯದು. ಹಳೆಯ ಭಾಗ ಮತ್ತು ಹೊಸ ಭಾಗ ಒಂದರ ಬದಲಿಗೆ ಇನ್ನೊಂದನ್ನು ಹಾಕುವಂತಿದ್ದರೆ ಪರಿಷ್ಕರಣದ ಸಂಖ್ಯೆ ಮಾತ್ರ ಏರುವುದು. ಹಾಗೆ ಹಾಕುವಂತಿಲ್ಲದಿದ್ದರೆ ಭಾಗಕ್ಕೆ ಹೊಸ ಸಂಖ್ಯೆಯನ್ನೇ ಕೊಡಬೇಕು. 25ರ ಶಾಫ್ಟು 30 ಆದಾಗ ಅದು ಅದೇ ಭಾಗದ ಹೊಸ ರೂಪವಲ್ಲ, ಬೇರೊಂದು ಭಾಗ. ಉಕ್ಕು ಬದಲಾದಾಗಲೂ, ಹಳೆಯ ಶಾಫ್ಟನ್ನು ಹಾಕುವುದು ಅಪಾಯಕರವೆಂದಾದರೆ, ಹೊಸ ಸಂಖ್ಯೆಯೇ ಬೇಕು. ಹೊಂದುವ ತಪ್ಪನ್ನು ಹಿಡಿಯುವ ಬಲೆಯಿದು.

ಸ್ಥಳಾಂತರದ ಕ್ರಮ

ಹಾಗಾದರೆ ಏರ್ಪಾಡನ್ನು ಕೊಂಡುತಂದು ಕಡತಗಳನ್ನೆಲ್ಲ ಅದರೊಳಗೆ ಸುರಿದರೆ ಸಾಕೇ? ಸಾಲದು. ಕಸವನ್ನು ಕಪಾಟಿಗೆ ತುಂಬಿ ಬೀಗ ಹಾಕಿದರೆ ಅದು ಬೀಗ ಹಾಕಿದ ಕಸವಾಗುವುದೇ ಹೊರತು ಭಂಡಾರವಾಗದು.

ಮೊದಲು ಎಣಿಕೆಯಾಗಬೇಕು. ಇರುವ ಕಡತಗಳೆಷ್ಟು, ಒಂದೇ ಭಾಗಕ್ಕೆ ಎಷ್ಟು ನಕಲುಗಳಿವೆ, ಕಾರ್ಖಾನೆಯು ಇಂದು ಯಾವ ನಕ್ಷೆಯಂತೆ ಕೆಲಸ ಮಾಡುತ್ತಿದೆ ಎಂಬುದನ್ನು ಕುಳಿತು ನೋಡಬೇಕು. ಎರಡು ‘ಅಂತಿಮ’ಗಳಲ್ಲಿ ನಿಜವಾದುದು ಯಾವುದೆಂದು ಯಾವ ಏರ್ಪಾಡೂ ಹೇಳಲಾರದು, ಅದನ್ನು ಬಲ್ಲವರು ಆ ಭಾಗವನ್ನು ಮಾಡಿದ ಮನುಷ್ಯರೇ. ಎಷ್ಟೋ ಸಲ ಸಂಶಯ ತೀರಬೇಕಾದರೆ ಮಾಪಕವನ್ನು ಹಿಡಿದು ಯಂತ್ರವನ್ನೇ ಅಳೆಯಬೇಕಾಗುವುದು.

ಎರಡನೆಯದಾಗಿ, ನಿಯಮಗಳು ನಿರ್ಧಾರವಾಗಬೇಕು. ಭಾಗಗಳಿಗೆ ಸಂಖ್ಯೆ ಕೊಡುವ ಕ್ರಮ ಯಾವುದು, ಪರೀಕ್ಷಿಸುವವರು ಯಾರು, ಬಿಡುಗಡೆ ಮಾಡುವವರು ಯಾರು, ಅವರಿಲ್ಲದಾಗ ಯಾರು ಎಂಬುದನ್ನು ಮೊದಲು ಕಾಗದದ ಮೇಲೆ ಬರೆದು ಎಲ್ಲರೂ ಒಪ್ಪಬೇಕು. ಮೂರನೆಯದಾಗಿ, ಬಳಕೆಯಲ್ಲಿರುವ ಯಂತ್ರಗಳ ನಕ್ಷೆಗಳನ್ನು ಮಾತ್ರ ಹೊಸ ಕೋಶಕ್ಕೆ ತರಬೇಕು. ಅದೂ ಒಂದು ಸಣ್ಣ ಕೆಲಸದಿಂದ ಆರಂಭಿಸಿ. ಈ ಮಾತಿಗೆ ಕಾಣಿಯೂರಿನ ರೈಲು ಮಾರ್ಗದಲ್ಲಿಯೇ ಪಾಠವಿದೆ. ಗೇಜು ಬದಲಾಗುವುದಕ್ಕಾಗಿ ಘಟ್ಟದ ಭಾಗದಲ್ಲಿ 1996ರಲ್ಲಿ ಸಂಚಾರವು ನಿಂತಿತು. ಘಟ್ಟದ ಮೂಲಕ ಪ್ರಯಾಣಿಕರ ಗಾಡಿ ಮತ್ತೆ ಓಡಿದುದು 2007ರ ಡಿಸೆಂಬರಿನಲ್ಲಿ. ಕಾರ್ಖಾನೆಯೊಂದು ಹಾಗೆ ವರ್ಷಗಟ್ಟಲೆ ಬಾಗಿಲು ಮುಚ್ಚಿ ಕುಳಿತಿರಲಾರದು. ಆದುದರಿಂದ ಒಂದೊಂದಾಗಿ ಕೆಲಸಗಳನ್ನು ಸಾಗಿಸುತ್ತ ಬರಬೇಕು.

ಕೊನೆಯ ಹೆಜ್ಜೆಯು ಎಲ್ಲಕ್ಕಿಂತ ಮುಖ್ಯವಾದುದು. ಸಾಗಿಸಿದ ಕೆಲಸದ ಮಟ್ಟಿಗೆ ಹಳೆಯ ಫೋಲ್ಡರನ್ನು ಗೊತ್ತಾದ ಒಂದು ದಿನದಿಂದ ಓದುವುದಕ್ಕೆ ಮಾತ್ರ ಸೀಮಿತಗೊಳಿಸಬೇಕು. ಅಳಿಸಬಾರದು, ಏಕೆಂದರೆ ಹಳೆಯ ಸಂಗತಿಯೊಂದು ಎಂದಾದರೂ ಬೇಕಾದೀತು. ತಿದ್ದಲೂ ಬಿಡಬಾರದು, ಏಕೆಂದರೆ ಎರಡು ಕಡೆಗಳಲ್ಲಿ ಮೂಲವಿದ್ದರೆ ಎಲ್ಲಿಯೂ ಮೂಲವಿಲ್ಲದಂತೆಯೇ.

ಇದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. ಕರ್ನಾಟಕ ಸರಕಾರವು ‘ಭೂಮಿ’ ಎಂಬ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು 2000ದ ಆಸುಪಾಸಿನ ವರ್ಷಗಳಲ್ಲಿ ಕಂಪ್ಯೂಟರಿಗೆ ಸೇರಿಸಿತು. ಅದುವರೆಗೆ ಅವು ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದವು. ಗಣಕೀಕರಣವು ಮುಗಿದ ತಾಲೂಕಿನಲ್ಲಿ ಕೈಬರಹದ ಪಹಣಿಗೆ ಮಾನ್ಯತೆಯಿಲ್ಲವೆಂದು ಸರಕಾರವು ಸಾರಿತು. ದಾಖಲೆಯನ್ನು ಬದಲಿಸುವ ಅಧಿಕಾರಿಯು ಬೆರಳಚ್ಚನ್ನು ಕೊಟ್ಟೇ ಒಳಗೆ ಹೋಗಬೇಕು. ಅರ್ಜಿಗಳು ಬಂದ ಸರದಿಯಂತೆಯೇ ಮುಂದುವರಿಯಬೇಕು. ಹೊಲದ ದಾಖಲೆಗೂ ಶಾಫ್ಟಿನ ನಕ್ಷೆಗೂ ಅನ್ವಯಿಸಿದ ತತ್ತ್ವ ಒಂದೇ: ಮೂಲವೊಂದು, ಬದಲಿಸಿದವನ ಗುರುತು ಅದರಲ್ಲಿರಬೇಕು, ಹಳೆಯ ದಾರಿ ಮುಚ್ಚಬೇಕು.

ದೊಡ್ಡವರ ದೊಡ್ಡ ಪಾಠ

ಇದೆಲ್ಲ ಐವರು ವಿದ್ಯಾರ್ಥಿಗಳ ತಂಡದ ಸಮಸ್ಯೆಯೆಂದು ಯಾರೂ ತಿಳಿಯದಿರಲಿ. ಏರ್‌ಬಸ್ ಸಂಸ್ಥೆಯ ಎ380 ಎಂಬ ಎರಡಂತಸ್ತಿನ ವಿಮಾನದೊಳಗೆ ಸುಮಾರು 530 ಕಿಲೋಮೀಟರು ತಂತಿಯಿದೆ. ಮಂಗಳೂರಿನಿಂದ ಬೆಂಗಳೂರಿಗಿರುವ ದಾರಿಯ ಒಂದೂವರೆ ಪಟ್ಟು. ಅದರ ವಿನ್ಯಾಸವು ಜರ್ಮನಿಯ ಹ್ಯಾಂಬರ್ಗಿನಲ್ಲಿಯೂ ಫ್ರಾನ್ಸಿನ ತುಲೂಸಿನಲ್ಲಿಯೂ ನಡೆಯುತ್ತಿತ್ತು. ನಕ್ಷೆ ಬರೆಯಲು ಒಂದು ಕಡೆ ಕಾಟಿಯಾ ಎಂಬ ಏರ್ಪಾಡಿನ ನಾಲ್ಕನೆಯ ಆವೃತ್ತಿಯನ್ನೂ ಇನ್ನೊಂದು ಕಡೆ ಐದನೆಯ ಆವೃತ್ತಿಯನ್ನೂ ಬಳಸುತ್ತಿದ್ದರು. ಎರಡರ ದತ್ತಾಂಶಗಳು ಸರಿಯಾಗಿ ಕೂಡಿಬರಲಿಲ್ಲ. ಹ್ಯಾಂಬರ್ಗಿನಿಂದ ಬಂದ ವಿಮಾನದ ಭಾಗಗಳನ್ನು ತುಲೂಸಿನಲ್ಲಿ ಜೋಡಿಸಹೊರಟಾಗ ತಂತಿಯ ಕಟ್ಟುಗಳು ತಮ್ಮ ಸ್ಥಾನಕ್ಕೆ ಎಟಕಲಿಲ್ಲ. 2006ರಲ್ಲಿ ಸಂಸ್ಥೆಯು ಮತ್ತೆ ಮತ್ತೆ ವಿಳಂಬವನ್ನು ಸಾರಬೇಕಾಯಿತು. ಮೊದಲ ವಿಮಾನವು ಸಿಂಗಪುರದ ವಿಮಾನ ಸಂಸ್ಥೆಯ ಕೈ ಸೇರಿದುದು 2007ರ ಅಕ್ಟೋಬರಿನಲ್ಲಿ, ಸುಮಾರು ಒಂದೂವರೆ ವರ್ಷ ತಡವಾಗಿ. ಜಗತ್ತಿನ ನುರಿತ ಯಂತ್ರಶಿಲ್ಪಿಗಳಿಗೂ, ಎಲ್ಲರ ಮುಂದೆಯೂ ಒಂದೇ ನಕ್ಷೆಯಿಲ್ಲದಿದ್ದಾಗ, ನಮ್ಮ ಐವರಿಗೆ ಆದುದೇ ಆಯಿತು.

ಆದರೆ ನಿಯಂತ್ರಣಕ್ಕೂ ಮಿತಿಯಿರಬೇಕು. ಒಂದು ಮೊಳೆಯನ್ನು ಬದಲಿಸಲು ಏಳು ರುಜುಗಳು ಬೇಕೆಂದರೆ ಜನರು ಬೇಸತ್ತು ತಮ್ಮ ಮೇಜಿನ ಕಂಪ್ಯೂಟರಿನಲ್ಲಿ ಗುಟ್ಟಾಗಿ ನಕಲುಗಳನ್ನು ಇಟ್ಟುಕೊಳ್ಳುವರು. ಹಳೆಯ ರೋಗವು ಹೊಸ ಮನೆಗೂ ಬರುವುದು. ಕರಡಿನ ಹಂತದಲ್ಲಿ ಸ್ವಾತಂತ್ರ್ಯ, ಬಿಡುಗಡೆಯ ಹೊಸ್ತಿಲಿನಲ್ಲಿ ಎಚ್ಚರ, ಇದೇ ಸರಿಯಾದ ಹದ. ಏರ್ಪಾಡು ನೆನಪನ್ನು ಕೊಡಬಲ್ಲದು, ವಿವೇಕವನ್ನು ಕೊಡಲಾರದು. ನಕ್ಷೆಯನ್ನು ಓದದೆ ರುಜು ಹಾಕುವವನನ್ನು ಯಾವ ಕಂಪ್ಯೂಟರೂ ತಡೆಯದು.

ನಮ್ಮ ವಾಚಕರಲ್ಲಿ ಹಲವರು ನಾಳೆ ಪುತ್ತೂರು, ಸುಳ್ಯಗಳ ಕಾಲೇಜುಗಳಲ್ಲಿ ಓದಿ, ಬೆಂಗಳೂರಿನ ವಿನ್ಯಾಸ ಕೇಂದ್ರಗಳಲ್ಲಿ ಕುಳಿತು, ದೂರದೇಶದವರೊಡನೆ ಒಂದೇ ಯಂತ್ರದ ಮೇಲೆ ದುಡಿಯುವರು. ಅದಕ್ಕಾಗಿ ಕಾಯಬೇಕಾಗಿಲ್ಲ. ಕಾಲೇಜಿನ ಮುಂದಿನ ಪ್ರಯೋಗದಲ್ಲಿಯೇ ಕಡತಕ್ಕೆ ‘ಅಂತಿಮ’ ಎಂದು ಹೆಸರಿಡುವುದನ್ನು ಬಿಟ್ಟು, ಸಂಖ್ಯೆಯನ್ನು ಕೊಟ್ಟು, ಏನು ಬದಲಾಯಿತು, ಏಕೆ ಬದಲಾಯಿತು ಎಂಬುದನ್ನು ಒಂದು ಸಾಲಿನಲ್ಲಿ ಬರೆದಿಡಬಹುದು. ಅದಕ್ಕೆ ಒಂದು ನೋಟುಪುಸ್ತಕ ಸಾಕು. ಹಾಗೆ ಬರೆದಿಟ್ಟ ಸಾಲು ಮುಂದೆಂದೋ ಕಾರ್ಖಾನೆಯಲ್ಲಿ ಲೇತಿನ ಮುಂದೆ ನಿಂತವನಿಗೆ ಯಾವ ಅಳತೆಯನ್ನು ನಂಬಬೇಕೆಂದು ಹೇಳುವುದು.